ಯಾವ ಚಿತ್ರದ್ದು?

ಸೊಹಾರ್ ಬಂದರಿಗೆ ಹೋಗುವ ರಸ್ತೆಯಲ್ಲಿ
ಟಯರಿನಂಗಡಿಗೂ ಮಸೀದಿಗೂ ನಡುವೆ ನನ್ನ ಬಕಾಲ.
ನನ್ನದು ಅಂದರೆ ಅರಬಿಯದು.
ಬೋರ್ಡಿನಲ್ಲಿ ಅವನು, ಗಲ್ಲೆಯಲ್ಲಿ ನಾನು.
ಉಳ್ಳಾಲದ ಇದಿನಬ್ಬ ಹನ್ನೊಂದು ವರ್ಷದಿಂದ ಇಲ್ಲಿ ರಫೀಕ್;
ಕೌಂಟರಿನ ಹಿಂದೆ ನಿಂತವರೆಲ್ಲರ ಹೆಸರೂ ಅದೇ.

ಮೊದಲು ಬಣ್ಣ ಹೇಳಿ ಕೇಳುತ್ತಿದ್ದರು ಸಿಗರೇಟು:
ಕೆಂಪು ಕೊಡು, ನೀಲಿ ಕೊಡು.
ಪ್ಯಾಕಿನ ಮೇಲೆ ಚಿತ್ರ ಬಂದಂದಿನಿಂದ
ಅಂಗ ಹೇಳಿ ಕೇಳುತ್ತಾರೆ.
"ಮಗುವಿನದು ಬೇಡ ರಫೀಕ್, ಊರಲ್ಲಿ ನನ್ನವಳಿಗೆ ಏಳು ತಿಂಗಳು."
ತಡಕಿ ತೆಗೆದು ಕೊಡುತ್ತೇನೆ.
ನನ್ನಜ್ಜನೂ ಹೀಗೇ ಕೇಳುತ್ತಿದ್ದರು ಕಸಾಯಿ ಕಟ್ಟೆಯಲ್ಲಿ,
ಎದೆಯದು ಬೇಕೋ, ತೊಡೆಯದೋ?

ಟ್ರಕ್ಕಿನ ಗುಲ್‌ಜಮೀನ್ ಖಾನನಿಗೆ ಗಂಟಲಿನದೇ ಆಗಬೇಕು.
ಕಾಲು ಹೋದರೆ ಕ್ಲಚ್ಚು ಒತ್ತುವವರ್ಯಾರು?
ಗಂಟಲು ಹೋದರೆ ಹೋಗಲಿ,
ಬುರೈಮಿಯವರೆಗೆ ಒಬ್ಬನೇ, ಮಾತಾದರೂ ಯಾರ ಹತ್ತಿರ?
ಈಜಿಪ್ಟಿನ ಲೆಕ್ಕದ ಮೇಷ್ಟ್ರು
ಇಪ್ಪತ್ತನ್ನೂ ಚಾಕಲೇಟಿನ ಹಳೇ ಡಬ್ಬಿಗೆ ಸುರಿದುಕೊಂಡು
ಖಾಲಿ ಪ್ಯಾಕನ್ನು ನನ್ನ ಕಡೆ ತಳ್ಳುತ್ತಾರೆ, ನೋಡದೆ.
ರಾತ್ರಿ ಬಾಗಿಲು ಹಾಕುವಾಗ ನನ್ನ ಕಸದ ಬುಟ್ಟಿಯ ತುಂಬ
ಯಾರದೋ ಶ್ವಾಸಕೋಶಗಳು.

ಆರೋಗ್ಯ ಇಲಾಖೆಯವರು ಆಳೆತ್ತರದ ಫಲಕವೊಂದನ್ನು
ಬಾಗಿಲ ಬಳಿ ನಿಲ್ಲಿಸಿ ಹೋದರು. ಬೂದಿಯಾಗುತ್ತಿರುವ ಮನುಷ್ಯ,
ಕೆಳಗೆ ಸಹಾಯದ ನಂಬರು.
ಶಮಾಲ್ ಗಾಳಿ ಎದ್ದ ದಿನ
ಎಲ್ಲರೂ ಅದರ ಮರೆಗೇ ಬಂದು ಕಡ್ಡಿ ಗೀರುತ್ತಾರೆ.

ನಗಬೇಡಿ. ಏನೂ ಆಗಲಿಲ್ಲ ಎಂದು ನಾನು ಹೇಳಲಾರೆ.
ಸಾಲದ ಪುಸ್ತಕ ನನ್ನ ಕೈಯಲ್ಲಿದೆ:
ಎರಡು ಒಂದಾದದ್ದು ಗೊತ್ತು, ಒಂದು ಮೂರಾದದ್ದೂ ಗೊತ್ತು.
ಹೆದರಿಕೆಯಾದರೆ ಮನುಷ್ಯ ಮೊದಲು ತಡಕುವುದು
ಜೇಬನ್ನೇ.
ನಾನು ಸೇದುವವನಲ್ಲ.
ಮಾರುವವನಿಗೆಂದು ಯಾರೂ ಇನ್ನೂ ಚಿತ್ರ ಬರೆದಿಲ್ಲ.

ಶಹಾಪುರದ ಮೌನೇಶ, ಶಟರಿಂಗ್ ಬಡಗಿ,
ಶುಕ್ರವಾರ ಸಂಜೆ ನನ್ನ ವೈಫೈಗೆ ಬರುತ್ತಾನೆ.
ಐಸ್‌ಕ್ರೀಮ್ ಪೆಟ್ಟಿಗೆಗೆ ಒರಗಿ, ಬೆರಳಲ್ಲಿ ಒಂದು ಉರಿಸಿಕೊಂಡು,
ಹೊಗೆ ಕಾಣದ ಹಾಗೆ ಫೋನು ವಾರೆ ಹಿಡಿದು ಮಾತು.
ಆವತ್ತು ಅವನ ಮಗಳು ಸಿನಿಮಾ ನೋಡಿ ಬಂದಿದ್ದಳು.
ಪಿಚ್ಚರ್ ಶುರುವಾಗುವ ಮುಂಚೆ ಬರುತ್ತದಲ್ಲ, ಅದನ್ನೂ.

"ಅಪ್ಪಾ, ಬಾಯಿ ತಗಿ."
"ಯಾಕವ್ವ?"
"ತಗಿ ಅಂದ್ರ ತಗಿ. ನಾಲಿಗಿ ಮ್ಯಾಲ ಎತ್ತು. ಆ ಕಡಿ ದವಡಿ."

ಕಡ್ಡಿ ಕೆಳಗೆ ಬಿತ್ತು.
ನಲವತ್ತು ದಾಟಿದ ಗಂಡಸು ನನ್ನ ಟ್ಯೂಬ್‌ಲೈಟಿನ ಕೆಳಗೆ
ಮೇಲ್ಮುಖ ಮಾಡಿ ಬಾಯಿ ತೆರೆದು ನಿಂತ,
ಕಣ್ಣು ಮುಚ್ಚಿ.
"ಕಾಣವಲ್ದು. ಒಳಗ ಕತ್ತಲಿ ಅದ."

ಏನು ತೋಚಿತೋ, ಗಲ್ಲೆ ಬಿಟ್ಟು ಎದ್ದೆ.
ನನ್ನ ಮೊಬೈಲಿನ ಟಾರ್ಚು ಹಾಕಿ ಹಿಡಿದೆ.
ಮೂರು ವರ್ಷ ನಾನೇ ಎಣಿಸಿ ಕೊಟ್ಟದ್ದೆಲ್ಲ
ಹೋದ ದಾರಿಯನ್ನು
ಒಂದು ಮಗುವೂ ನಾನೂ ಸೇರಿ ನೋಡಿದೆವು.
ಕಂದು ಹಲ್ಲು. ಹಲ್ಲಿನ ಸಂದಿಯಲ್ಲಿ ಪ್ಲೈವುಡ್ಡಿನ ಧೂಳು.
ತುಂಬ ಹೊತ್ತಾದ ಮೇಲೆ ಅವಳೆಂದಳು,
"ಹೂಂ. ಮುಂದಿನ ವಾರ ಮತ್ತ ನೋಡ್ತೀನಿ."

ಫೋನು ಇಟ್ಟವನು ಕೌಂಟರಿಗೆ ಬಂದ.
"ಚಿತ್ರ ಇಲ್ಲದ್ದು ಅದ ಏನ್ರಿ, ಭಾಯಿ?"
ಇಲ್ಲ ಎಂದೆ.
ಕಪಾಟಿನ ಮುಂದೆ ನಿಂತ, ಚಪ್ಪಲಿ ಬಿಟ್ಟ ಬಾಗಿಲಲ್ಲಿ ನಿಂತಂತೆ.
ಇನ್ನೂರು ಬೈಸಕ್ಕೆ ಉಪ್ಪುಕಡಲೆ ಕಟ್ಟಿಸಿಕೊಂಡು ಹೋದ.

ಕತೆ ಅಲ್ಲಿಗೆ ಮುಗಿದಿದ್ದರೆ ಇಲಾಖೆಯವರಿಗೆ ಹೇಳಬಹುದಿತ್ತು.
ಶನಿವಾರ ಬೆಳಗ್ಗೆ ಐದಕ್ಕೇ ಬಂದ, ಪ್ಯಾಕು ಕೊಂಡ,
ಕೊಂಡದ್ದನ್ನು ನನ್ನ ಕೈಗೇ ಇಟ್ಟ:
"ದಿನಕ್ಕ ಮೂರ ಕೊಡ್ರಿ. ಬೇಡಿದ್ರೂ ಕೊಡಬ್ಯಾಡ್ರಿ."
ಬೇಡಿದ್ದಾನೆ. ಎರಡು ಸಲ ಬೈದಿದ್ದಾನೆ.
ಒಂದು ಸಲ ನಾನು ಸೋತು ಕೊಟ್ಟಿದ್ದೇನೆ.

ಗಲ್ಲೆಯ ಕೆಳಗಿದೆ ಅವನ ಪ್ಯಾಕು,
ಮೇಲೆ ಪೆನ್ನಿನಲ್ಲಿ ಅವನ ಹೆಸರು.
ಯಾವ ಚಿತ್ರದ್ದು ಎಂದು ಅವನು ಕೇಳಿಲ್ಲ,
ನಾನು ಮಗುಚಿ ಇಟ್ಟಿದ್ದೇನೆ.

ಇವತ್ತು ಶುಕ್ರವಾರ.
ಮಧ್ಯಾಹ್ನದಿಂದ ನನ್ನ ಮೊಬೈಲು ಚಾರ್ಜಿಗಿದೆ.